ತಲೆನೋವು ಮುಚ್ಚಿಡುವುದಿಲ್ಲ: ಮಸ್ಕಿಯಿಂದ ಗೋಮುಖಕ್ಕೆ ಒಂದು ಯೋಜನೆ

ಮೇ ತಿಂಗಳ ಒಂದು ಸಂಜೆ. ಮಸ್ಕಿಯಲ್ಲಿ ಹೊತ್ತು ಮುಳುಗಿದ್ದರೂ ಅಂಗಳದ ಕಲ್ಲು ಇನ್ನೂ ಕಾದೇ ಇತ್ತು. ಕಾಲುವೆಯಲ್ಲಿ ನೀರು ನಿಂತು ಎಷ್ಟೋ ದಿನಗಳಾಗಿದ್ದವು. ಏಳನೇ ತರಗತಿ ಮುಗಿಸಿದ ಮೊಮ್ಮಗ ಕಟ್ಟೆಯ ಮೇಲೆ ಅಂಗಾತ ಮಲಗಿ ಕೇಳಿದ: “ತಾತಾ, ಬ್ಯಾಸಗಿಯಾಗ ನಮ್ಮ ತುಂಗಭದ್ರಾ ಸೊರಗತದ. ಗಂಗಾ ಯಾಕ ಸೊರಗಂಗಿಲ್ಲ?”

ಒಳ್ಳೆಯ ಪ್ರಶ್ನೆ. ತುಂಗಭದ್ರೆ ಮಳೆಯನ್ನೇ ನಂಬಿದ ನದಿ. ಪಶ್ಚಿಮ ಘಟ್ಟದಲ್ಲಿ ಮಳೆ ಬಿದ್ದರೆ ಅಣೆಕಟ್ಟು ತುಂಬುತ್ತದೆ, ಎಡದಂಡೆ ಕಾಲುವೆಗೆ ನೀರು ಬರುತ್ತದೆ, ಸಿಂಧನೂರಿನಲ್ಲಿ ಭತ್ತದ ನಾಟಿ ಶುರುವಾಗುತ್ತದೆ. ಗಂಗೆಗೆ ಮಳೆಯ ಜೊತೆಗೆ ಇನ್ನೊಂದು ಉಗ್ರಾಣವಿದೆ. ಅದು ಹಿಮನದಿ. ಬೆಟ್ಟದ ಮೇಲೆ ವರ್ಷ ವರ್ಷವೂ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಆ ಗಡ್ಡೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಬಿಸಿಲು ಏರಿದಷ್ಟೂ ಕರಗುತ್ತದೆ. ನಮ್ಮ ಹಳ್ಳಗಳು ಒಣಗುವ ಹೊತ್ತಿಗೆ ಅಲ್ಲಿ ನೀರು ಹೆಚ್ಚುತ್ತದೆ.

“ಹಂಗಾದ್ರ ಅದನ್ನ ನೋಡಾಕ ಹೋಗೂಣು!” ಎಂದು ಹುಡುಗ ಎದ್ದು ಕೂತ.

ಅಡುಗೆಮನೆಯಿಂದ ಅವನ ಅಜ್ಜಿಯ ದನಿ ಬಂತು: “ನಾನೂ ಬರ್ತೀನಿ. ಗೋಮುಖದಾಗ ಒಂದು ತಂಬಿಗಿ ನೀರು ತುಂಬಬೇಕಂತ ಎಷ್ಟು ವರ್ಷದ ಆಸೆ ನನಗ.”

ಹೀಗೆ ನಮ್ಮ ಯೋಜನೆ ಶುರುವಾಯಿತು.

ಎಲ್ಲಿಗೆ?

ಮೊಮ್ಮಗನ ಮನಸ್ಸು ಮೊದಲು ಓಡಿದ್ದು ಸಿಯಾಚಿನ್‌ಗೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಕಥೆ ಅವನಿಗೆ ಗೊತ್ತು. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಯವರೂ ಇದ್ದರು. ಸುಮಾರು 25 ಅಡಿ ಹಿಮದ ಅಡಿಯಿಂದ ಆರನೇ ದಿನ ಹನುಮಂತಪ್ಪನವರು ಜೀವಂತವಾಗಿ ಸಿಕ್ಕರು. ಇಡೀ ನಾಡು ಅವರಿಗಾಗಿ ಪ್ರಾರ್ಥಿಸಿತು. ಆದರೆ ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಸಿಯಾಚಿನ್ ಹಿಮನದಿಯ ಉದ್ದ ಸುಮಾರು 76 ಕಿಲೋಮೀಟರ್. ಸಿಂಧನೂರಿನಿಂದ ಹೊರಟು ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಿದರೂ ಅಷ್ಟು ದೂರ ಆಗುವುದಿಲ್ಲ. ಅದು ಸೈನಿಕರು ಕಾಯುವ ಗಡಿ. ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ ಎಂದೆ. ಹುಡುಗ ಒಪ್ಪಿದ.

ಉಳಿದದ್ದು ಗಂಗೋತ್ರಿ ಹಿಮನದಿ. ಉದ್ದ ಸುಮಾರು 30 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಮಸ್ಕಿ–ಲಿಂಗಸುಗೂರು ದಾರಿಯಷ್ಟು. ಅದರ ತುದಿಯೇ ಗೋಮುಖ. ಭಾಗೀರಥಿ ಹೊರಗೆ ಬರುವುದು ಅಲ್ಲಿಂದ. ಗಂಗೋತ್ರಿ ದೇವಸ್ಥಾನದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಗೋಮುಖಕ್ಕೆ ಸುಮಾರು 18 ಕಿಲೋಮೀಟರ್ ಕಾಲುದಾರಿ.

ಯಾವಾಗ?

ಬೇಸಿಗೆ ರಜೆಯಲ್ಲಿ ಚಾರ್‌ಧಾಮ್ ಯಾತ್ರೆಯ ಜನಜಂಗುಳಿ. ಮಳೆಗಾಲದಲ್ಲಂತೂ ಬೇಡವೇ ಬೇಡ. 2025ರ ಆಗಸ್ಟ್ 5ರಂದು ಗಂಗೋತ್ರಿ ದಾರಿಯಲ್ಲೇ ಇರುವ ಧರಾಲಿ ಗ್ರಾಮಕ್ಕೆ ಖೀರ್‌ಗಂಗಾ ಹಳ್ಳದ ಕೆಸರು ಪ್ರವಾಹ ನುಗ್ಗಿ ಮನೆ, ಹೋಟೆಲುಗಳನ್ನು ಕೊಚ್ಚಿಕೊಂಡು ಹೋಯಿತು. ದೀಪಾವಳಿಯ ಮರುದಿನ ಗಂಗೋತ್ರಿ ಗುಡಿಯ ಬಾಗಿಲು ಹಾಕುತ್ತಾರೆ. ದೇವಿಯ ಮೂರ್ತಿ ಚಳಿಗಾಲಕ್ಕೆ ಮುಖ್ಬಾ ಗ್ರಾಮಕ್ಕೆ ಇಳಿಯುತ್ತದೆ.

ಹಾಗಾಗಿ ದಸರಾ ರಜೆ ಎಂದು ಗೊತ್ತು ಮಾಡಿದೆವು. ಮಳೆ ಹಿಂದೆ ಸರಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನಮ್ಮ ಗದ್ದೆಯಲ್ಲೂ ನಾಟಿ ಮುಗಿದು ಕೊಯ್ಲಿಗೆ ಇನ್ನೂ ಹೊತ್ತಿರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ

ಮೊಮ್ಮಗ ನೋಟುಬುಕ್ಕಿನಲ್ಲಿ ದಾರಿ ಬರೆದ. ರಾಯಚೂರಿನಿಂದ ರೈಲಿನಲ್ಲಿ ದೆಹಲಿ, ಅಲ್ಲಿಂದ ಋಷಿಕೇಶ, ಉತ್ತರಕಾಶಿ, ಹರ್ಸಿಲ್, ಗಂಗೋತ್ರಿ. ಅವನ ಲೆಕ್ಕದಲ್ಲಿ ದೆಹಲಿ ಬಿಟ್ಟ ಮೂರನೇ ದಿನಕ್ಕೇ ಗೋಮುಖ! ನಾನು ಅದನ್ನು ಹೊಡೆದುಹಾಕಿ ಪ್ರತಿ ಊರಿನ ಮುಂದೆ ಎತ್ತರ ಬರೆ ಎಂದೆ. ಅವನು ಬರೆದ: ಉತ್ತರಕಾಶಿ ಸುಮಾರು 1,150 ಮೀಟರ್, ಹರ್ಸಿಲ್ 2,600, ಗಂಗೋತ್ರಿ 3,100, ಭೋಜಬಾಸಾ 3,800, ಗೋಮುಖ 3,900ಕ್ಕೂ ಮೇಲೆ.

ಮಕ್ಕಳೇ, ಎತ್ತರದಲ್ಲಿ ತೊಂದರೆ ಕೊಡುವುದು ಚಳಿ ಒಂದೇ ಅಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 4,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರ ಆಸುಪಾಸು ಮಾತ್ರ. ಒಂದೊಂದು ಉಸಿರಿಗೂ ಆಮ್ಲಜನಕ ಕಡಿಮೆ ಸಿಗುತ್ತದೆ. ನೀರು ಕೂಡ ಅಲ್ಲಿ 87 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಸಿಂಧನೂರಿನ ಸೋನಾ ಮಸೂರಿಯೂ ಅಲ್ಲಿ ಬೇಗ ಬೇಯುವುದಿಲ್ಲ.

ನಮ್ಮ ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿ ಮಲಗಬಾರದು ಎಂಬುದು ವೈದ್ಯರು ಹೇಳುವ ಲೆಕ್ಕ. ಗಂಗೋತ್ರಿಯಿಂದ ಭೋಜಬಾಸಾಗೆ 700 ಮೀಟರ್ ಏರಿಕೆ. ಅದಕ್ಕೇ ಹರ್ಸಿಲ್‌ನಲ್ಲಿ ಎರಡು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ ತಂಗುತ್ತೇವೆ. ಹಗಲು ಸ್ವಲ್ಪ ಮೇಲಕ್ಕೆ ನಡೆದು ಬಂದು, ರಾತ್ರಿ ಕೆಳಗೇ ಮಲಗುತ್ತೇವೆ. ರಸ್ತೆ ಕುಸಿದರೆ, ಹವೆ ಕೆಟ್ಟರೆ ಇರಲಿ ಎಂದು ಇನ್ನೂ ಎರಡು ದಿನ ಕೈಯಲ್ಲಿ ಇಟ್ಟುಕೊಂಡೆವು. ಎಲ್ಲ ಸೇರಿ ಹದಿನೇಳು ದಿನ.

“ಎರಡು ದಿನ ಸುಮ್ನ ಕೂಡೋದಾ?” ಎಂದು ಹುಡುಗ ಮುಖ ಸಣ್ಣ ಮಾಡಿದ.

“ಸುಮ್ನ ಅಲ್ಲಪ್ಪ. ಆ ಎರಡು ದಿನ ನಿನ್ನ ರಕ್ತ ಕೆಲಸ ಮಾಡತದ” ಎಂದೆ.

ಮುಚ್ಚಿಡುವ ಚಟ

ಇಲ್ಲಿಗೆ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ಎರಡು ವರ್ಷದ ಹಿಂದೆ ಜಾತ್ರೆಯ ದಿನ ಇದೇ ಹುಡುಗ ಜ್ವರ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲೇ ಬಿಟ್ಟು ಹೋಗುತ್ತಾರೆ ಎಂಬ ಭಯ. ಸಂಜೆ ತೇರಿನ ಹತ್ತಿರ ಕುಸಿದು ಬಿದ್ದ. ಅವನ ಅಜ್ಜಿಯೂ ಕಡಿಮೆಯಿಲ್ಲ. ಬಿ.ಪಿ. ಹೆಚ್ಚಾಗಿ ತಲೆ ಸುತ್ತಿದರೂ “ಏನಿಲ್ಲ, ಬಿಸಿಲಿಗೆ ಹಂಗಾಗೇದ” ಎನ್ನುವ ಹೆಂಗಸು.

ಊರಲ್ಲಾದರೆ ಇದಕ್ಕೆ ಪರಿಹಾರ ಇದೆ, ದವಾಖಾನೆ ಹತ್ತಿರವೇ ಇದೆ. ಬೆಟ್ಟದ ಮೇಲೆ ಇಲ್ಲ. 2024ರ ಜೂನ್ ಮೊದಲ ವಾರ ಇದೇ ಉತ್ತರಕಾಶಿ ಭಾಗದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಚಾರಣದ ಅನುಭವ ಇದ್ದವರೂ ಇದ್ದರು. ಹವೆ ಕೆಟ್ಟರೆ ಅಲ್ಲಿ ಅನುಭವಕ್ಕೂ ಕೈ ಕಟ್ಟಿಹೋಗುತ್ತದೆ. ಹವೆ ನಮ್ಮ ಕೈಯಲ್ಲಿಲ್ಲ. ಹಿಂದಿರುಗುವುದು ಮಾತ್ರ ನಮ್ಮ ಕೈಯಲ್ಲಿದೆ, ಅದೂ ಹೊತ್ತಿಗೆ ಸರಿಯಾಗಿ.

ಆ ರಾತ್ರಿ ನೋಟುಬುಕ್ಕಿನ ಮೊದಲ ಪುಟದಲ್ಲಿ ಮೂರು ಕರಾರು ಬರೆದೆವು.

ಒಂದು: ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು, ಯಾವುದನ್ನೂ ಮುಚ್ಚಿಡುವುದಿಲ್ಲ. ಬಂದರೆ ಅಂದು ಮೇಲಕ್ಕೆ ಹೋಗುವುದಿಲ್ಲ.

ಎರಡು: ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ರಾತ್ರಿಯಾದರೂ ಸರಿ, ಆಗಲೇ ಕೆಳಗೆ ಇಳಿಯುತ್ತೇವೆ. ಇಳಿಯುವುದೇ ಮೊದಲ ಮದ್ದು.

ಮೂರು: ಒಬ್ಬರು ಹಿಂದಿರುಗಿದರೆ ಅವರನ್ನು ಯಾರೂ ಆಡಿಕೊಳ್ಳುವುದಿಲ್ಲ.

ಕೆಳಗೆ ನಾಲ್ಕು ಸಹಿ. ಅಜ್ಜಿಯ ಸಹಿ ಕೊನೆಗೆ ಬಂತು.

ಅಜ್ಜಿಯ ತೀರ್ಮಾನ

ಮರುವಾರ ಸಿಂಧನೂರಿನಲ್ಲಿ ವೈದ್ಯರನ್ನು ಕಂಡೆವು. ಬಿ.ಪಿ. ಮಾತ್ರೆ ತಪ್ಪಿಸುವಂತಿಲ್ಲ, ನಿಧಾನವಾಗಿ ಏರಿದರೆ ಗಂಗೋತ್ರಿಯವರೆಗೆ ಅಡ್ಡಿಯಿಲ್ಲ, ಮುಂದಿನ ನಡಿಗೆ ಬೇಡ ಎಂದರು. ಎತ್ತರಕ್ಕೆಂದು ಕೊಡುವ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳಬೇಕು, ಅಂಗಡಿಯಲ್ಲಿ ಕೊಂಡು ನುಂಗಬಾರದು ಎಂದು ಎಚ್ಚರಿಸಿದರು.

ಬಸ್ಸಿನಲ್ಲಿ ಅಜ್ಜಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಳು. ಮಸ್ಕಿಯ ಬೆಟ್ಟ ಕಂಡಾಗ ಮೊಮ್ಮಗನ ಕಡೆ ತಿರುಗಿ ಹೇಳಿದಳು: “ತಂಬಿಗಿ ನಿನ್ನ ಕೈಯಾಗ ಕೊಡ್ತೀನಿ. ನಾನು ಗಂಗೋತ್ರಿಯಾಗ ಗುಡಿ ಮುಂದ ಕುಂತಿರ್ತೀನಿ, ನಿಮ್ಮ ತಾತನೂ ನನ್ನ ಜೋಡಿ ಇರ್ಲಿ. ನೀನು ನಿಮ್ಮಪ್ಪನ ಜೋಡಿ ಹೋಗಿ ತಾ. ಆದ್ರ ನೀರು ಬರ್ಲಿಲ್ಲಂದ್ರೂ ನೀನು ಬಾ.”

ಮೊದಲ ಕರಾರನ್ನು ಮೊದಲು ಪಾಲಿಸಿದವಳು ಅವಳೇ.

ಈಗಿನ ಕೆಲಸ

ಉಳಿದ ಕೆಲಸಗಳ ಪಟ್ಟಿ ಉದ್ದವಿದೆ. ಉತ್ತರಾಖಂಡ ಸರ್ಕಾರದಲ್ಲಿ ಯಾತ್ರೆಯ ನೋಂದಣಿ ಮಾಡಿಸಬೇಕು. ಗೋಮುಖದ ದಾರಿ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಹಾಯುವುದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು. ದಿನಕ್ಕೆ 150 ಮಂದಿಗೆ ಮಾತ್ರ ಕೊಡುತ್ತಾರೆ. ಉಣ್ಣೆಯ ಟೊಪ್ಪಿಗೆ, ಕೈಚೀಲ, ಮಳೆಯಂಗಿ, ಕಪ್ಪು ಕನ್ನಡಕ, ಒಳ್ಳೆಯ ಹಿಡಿತದ ಬೂಟು ಬೇಕು. ತಿನ್ನಲು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಟಿನುಂಡೆ. ಒಯ್ದ ಪ್ಲಾಸ್ಟಿಕ್ ಚೀಲ ಒಂದೂ ಅಲ್ಲಿ ಉಳಿಯಬಾರದು. ಹಿಮದ ಗೋಡೆಯ ಕೆಳಗೆ ನಿಂತು ಫೋಟೊ ತೆಗೆಯುವಂತಿಲ್ಲ, ಗಡ್ಡೆ ಯಾವ ಗಳಿಗೆಯಲ್ಲಾದರೂ ಕಳಚಿ ಬೀಳಬಹುದು. ತಂಬಿಗೆಯನ್ನು ಕೂಡ ದೂರದ ದಡದಲ್ಲೇ ತುಂಬಬೇಕು.

ದಿನಾ ಬೆಳಿಗ್ಗೆ ಅಪ್ಪ-ಮಗ ಮಸ್ಕಿಯ ಮಲ್ಲಯ್ಯನ ಬೆಟ್ಟ ಹತ್ತಿ ಇಳಿಯುತ್ತಾರೆ. 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು ಮಸ್ಕಿಯಲ್ಲೇ. ಹತ್ತಿದರೆ ಕಾಲಿಗೆ ಬಲ ಬರುತ್ತದೆ. ಆದರೆ ಬಲವಾದ ಕಾಲು ಇದ್ದವನಿಗೂ ತೆಳುಗಾಳಿ ವಿನಾಯಿತಿ ಕೊಡುವುದಿಲ್ಲ ಎಂಬುದು ಈಗ ಹುಡುಗನಿಗೆ ಗೊತ್ತು.

ಮೊನ್ನೆ ಅವನು ಇನ್ನೊಂದು ಪ್ರಶ್ನೆ ತಂದ. ಗಂಗೋತ್ರಿ ಹಿಮನದಿ 1935ರಿಂದ ಇಂದಿನವರೆಗೆ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ ಎಂದು ಓದಿದ್ದ. “ನಾನು ನಿನ್ನಷ್ಟು ದೊಡ್ಡಾವ ಆದಾಗ ಅದು ಎಲ್ಲಿರತದ ತಾತಾ?”

“ಈಗ ನೀನು ಕಂಡದ್ದನ್ನ ತಾರೀಖು ಹಾಕಿ ಬರೆದಿಡು. ಮುಂದ ನಿನ್ನ ಮೊಮ್ಮಗ ಹೋಗಿ ಹೋಲಿಸಿ ನೋಡಲಿ” ಎಂದೆ.

ಅವನು ನೋಟುಬುಕ್ಕಿನ ಕೊನೆಯ ಪುಟವನ್ನು ಅದಕ್ಕೆಂದು ಖಾಲಿ ಬಿಟ್ಟಿದ್ದಾನೆ. ಅಜ್ಜಿ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಈಗಲೇ ಕಪಾಟಿನಲ್ಲಿ ಇಟ್ಟಿದ್ದಾಳೆ.