ಎಳೆಯ ಹೆಜ್ಜೆಗೊಂದು ಅಳತೆಗೋಲು

“ನಮ್ಮ ವಂಶದಲ್ಲಿ ಮಕ್ಕಳು ನಡೆಯುವುದೇ ತಡ” ಎಂಬ ಸಮಾಧಾನದ ಮಾತನ್ನು ಮಾಲೂರಿನ ಇಟ್ಟಿಗೆ ಗೂಡಿನ ಬಳಿಯಲ್ಲಾಗಲಿ ಶ್ರೀನಿವಾಸಪುರದ ಮಾವಿನ ತೋಪಿನಲ್ಲಾಗಲಿ ಕೇಳದವರಾರು? ಹಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಮುಂದೆ ಚಾಚುವ ಕೂಸಿನ ಮಟ್ಟಿಗೆ ಈ ಸಮಾಧಾನ ಅಪಾಯಕರ. ಇವು ಮಿದುಳಿನ ಪಾರ್ಶ್ವವಾಯುವಿನ, ಅಂದರೆ ಸೆರೆಬ್ರಲ್ ಪಾಲ್ಸಿಯ, ಮುನ್ಸೂಚನೆಗಳಾಗಿರಬಹುದು.

ಗರ್ಭದಲ್ಲಿಯೋ ಹೆರಿಗೆಯ ಹೊತ್ತಿನಲ್ಲಿಯೋ ಎಳೆತನದಲ್ಲಿಯೋ ಮಿದುಳಿಗೆ ತಗುಲಿದ ಪೆಟ್ಟಿನ ಫಲವಿದು. ಕಷ್ಟದ ಹೆರಿಗೆಗೂ ಇದಕ್ಕೂ ಇರುವ ನಂಟನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿಯೇ ವಿವರಿಸಿದ್ದನು. ಪೆಟ್ಟು ತಾನಾಗಿ ಬೆಳೆಯದು. ಆದರೆ ಅಲಕ್ಷಿಸಿದರೆ ಸ್ನಾಯುಗಳು ಬಿಗಿದು ಕೀಲುಗಳು ಮಡಿಚಿಕೊಂಡೇ ಉಳಿಯುವುವು.

ಹಾಗಾದರೆ ಇಂಥ ಮಗುವಿನ ಚಲನಶಕ್ತಿಯನ್ನು ಅಳೆಯುವುದೆಂತು? ಕೆನಡಾದ ತಜ್ಞರು ರೂಪಿಸಿದ ಪರೀಕ್ಷೆಯೊಂದರಲ್ಲಿ 88 ಚಟುವಟಿಕೆಗಳಿವೆ. ಮಲಗಿ ಹೊರಳುವುದು, ಕೂರುವುದು, ತೆವಳಿ ಮಂಡಿಯೂರುವುದು, ನಿಲ್ಲುವುದು, ನಡೆದು ಓಡಿ ಜಿಗಿಯುವುದು ಎಂದು ಐದು ಗುಂಪು. ಯತ್ನವೇ ಇಲ್ಲದಿದ್ದರೆ 0, ಆರಂಭಿಸಿದರೆ 1, ಅರೆಬರೆ ಮಾಡಿದರೆ 2, ಪೂರೈಸಿದರೆ 3 ಅಂಕ. ಬೇಕಾದುದು ಒಂದು ಚಾಪೆ, ಬೆಂಚು, ಆಟಿಕೆ, ಕೆಲವು ಮೆಟ್ಟಿಲು, ಮತ್ತು ಬಲ್ಲವರ ಕಣ್ಣು. ತಿಂಗಳುಗಳ ನಂತರ ಮತ್ತೆ ಅಳೆದಾಗ ಮಗುವನ್ನು ನೆರೆಮನೆಯ ಮಗುವಿನೊಡನೆ ಹೋಲಿಸುವುದಿಲ್ಲ. ಹಿಂದಿನ ತನ್ನೊಡನೆಯೇ ಹೋಲಿಸುತ್ತಾರೆ. ನಿನ್ನೆ ಹೊರಳದಿದ್ದ ಕೂಸು ಇಂದು ಅರ್ಧ ಹೊರಳಿದರೆ ಅದೂ ಗಳಿಕೆಯೇ.

ಅಲ್ಲಿಯ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ತಜ್ಞರು 1997ರಲ್ಲಿ ಇಂಥ ಮಕ್ಕಳನ್ನು ಐದು ಹಂತಗಳಾಗಿ ವಿಂಗಡಿಸಿದರು. ಮೊದಲನೆಯ ಹಂತದವರು ಆಸರೆಯಿಲ್ಲದೆ ನಡೆಯಬಲ್ಲರು. ಐದನೆಯ ಹಂತದವರಿಗೆ ಕತ್ತು ನಿಲ್ಲಿಸುವುದೂ ಕಷ್ಟ. 2002ರಲ್ಲಿ ಪ್ರಕಟವಾದ ಅವರ ಅಧ್ಯಯನವು, ಮಕ್ಕಳು ತಮಗೆ ಸಾಧ್ಯವಾದ ಚಲನಶಕ್ತಿಯ ಸುಮಾರು ಶೇಕಡ 90 ಭಾಗವನ್ನು ಐದನೆಯ ವಯಸ್ಸಿನ ಹೊತ್ತಿಗೇ ಪಡೆಯುತ್ತಾರೆಂದು ತೋರಿಸಿತು. ಎಂದಮೇಲೆ ಕಾಯುತ್ತ ಕಳೆದ ಒಂದೊಂದು ವರ್ಷವೂ ದುಬಾರಿಯಲ್ಲವೇ?

ಕೂಲಿ ಬಿಟ್ಟು ಕೂಸನ್ನೆತ್ತಿಕೊಂಡು ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸೇರುವ ತಾಯಿಯ ಪಾಡು ಸುಲಭವಲ್ಲ. ಆದರೂ ಕೋಲಾರದ ಜಿಲ್ಲಾ ಆಸ್ಪತ್ರೆಯೂ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜೂ ಈ ಸೀಮೆಯಲ್ಲಿಯೇ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾನೂನೂ ಈ ತೊಂದರೆಯನ್ನು ಹೆಸರಿಸಿದೆ.

ಎಲ್ಲ ಮಕ್ಕಳೂ ನಡೆದೇ ನಡೆಯುವರೆಂದು ಯಾವ ಅಳತೆಗೋಲೂ ಭರವಸೆ ಕೊಡದು. ಯಾವ ಮಗುವಿಗೆ ಏನನ್ನು ಕಲಿಸಬಹುದು, ಎಲ್ಲಿ ಆಸರೆ ಬೇಕು ಎಂಬುದನ್ನು ಅದು ಹೇಳಬಲ್ಲದು. ಆದುದರಿಂದ ಸಂಶಯ ಬಂದ ದಿನವೇ ಕೂಸನ್ನು ವೈದ್ಯರಿಗೆ ತೋರಿಸುವುದು ಲೇಸು. ಮುಂದಿನ ಸುಗ್ಗಿಯವರೆಗೆ ಕಾಯುವುದು ಬೇಡ.