ಕಾವಿ ಉಟ್ಟು ಬಂದ ಪಾದ್ರಿಗಳು

ಕನಕಪುರ ತಾಲ್ಲೂಕಿನ ಹಾರೋಬೆಲೆ ಎಂದರೆ ಹೊರಗಿನವರಿಗೆ ನೆನಪಾಗುವುದು 2019ರ ಡಿಸೆಂಬರ್: ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆ, ಅದರ ಬೆನ್ನಿಗೇ ಎದ್ದ ರಾಜಕೀಯದ ಧೂಳು. ಈ ಮೂಲೆಗೆ ಯೇಸು ಬಂದದ್ದು ಯಾವಾಗ ಎಂದು ಆಗ ಹಲವರು ಹುಬ್ಬೇರಿಸಿದರು. ಅದು ನಿನ್ನೆ ಮೊನ್ನೆಯ ಮಾತಲ್ಲ.

ಕಥೆ ಶುರುವಾಗುವುದು ಮಧುರೆಯಲ್ಲಿ. 1606ರಲ್ಲಿ ಅಲ್ಲಿಗೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ರಾಬರ್ಟ್ ಡಿ ನೊಬಿಲಿ, ಪರಂಗಿ ವೇಷದವರನ್ನು ಯಾರೂ ಹತ್ತಿರ ಸೇರಿಸುವುದಿಲ್ಲವೆಂದು ಕಂಡುಕೊಂಡರು. ಕಾವಿ ಉಟ್ಟರು, ಮಾಂಸ ಬಿಟ್ಟರು, ತಮಿಳು, ಸಂಸ್ಕೃತ ಕಲಿತರು. ತಮ್ಮವರೇ ದೂರು ಕೊಟ್ಟರೂ 1623ರಲ್ಲಿ ಪೋಪ್ 15ನೆಯ ಗ್ರೆಗರಿ ಅವರ ಪರ ನಿಂತರು. ಜಾತಿಯನ್ನೂ ಹಾಗೇ ಒಪ್ಪಿಕೊಂಡ ದಾರಿಯದು. ಅದರ ಸಾಲವನ್ನು ಚರ್ಚು ಇನ್ನೂ ತೀರಿಸುತ್ತಿದೆ.

ಅದೇ ಜಾಡಿನಲ್ಲಿ 1640ರ ದಶಕದ ಕೊನೆಗೆ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಚಿನ್ನಮಿಯೂ ಸನ್ಯಾಸಿಯಂತೆ ಬಾಳಿದರು. ಕನ್ನಡದ ವ್ಯಾಕರಣ, ನಿಘಂಟು, ಧರ್ಮಬೋಧೆಯ ಪುಸ್ತಕ ಬರೆದರು. ಕನ್ನಡದ ಹೆಸರಾಂತ ಕಿಟೆಲ್ ನಿಘಂಟು ಅಚ್ಚಾದದ್ದು ಅದಾದ ಎಷ್ಟೋ ಕಾಲಕ್ಕೆ, 1894ರಲ್ಲಿ. ಕಿಟೆಲರಿಗೆ ಪ್ರತಿಮೆ ನಿಲ್ಲಿಸಿದ ನಾವು ಚಿನ್ನಮಿಯ ಹೆಸರನ್ನಾದರೂ ಮಕ್ಕಳಿಗೆ ಹೇಳಬಹುದಿತ್ತು.

ಹಾರೋಬೆಲೆಯವರು ತಮ್ಮ ಬೇರನ್ನು ಗುರುತಿಸುವುದು ಈ ಜೆಸ್ವಿತರ ಓಡಾಟದಲ್ಲೇ. ಕರಾವಳಿಯಂತೆ ಇಲ್ಲಿ ಡಿಸೋಜ, ಪಿಂಟೊಗಳು ಬೆಳೆಯಲಿಲ್ಲ. ಮಕ್ಕಳು ಚೌರಪ್ಪ, ಇನ್ನಾಸಪ್ಪ ಆದರು. 1622ರಲ್ಲಿ ಒಂದೇ ದಿನ ಸಂತ ಪದವಿಗೇರಿದ ಫ್ರಾನ್ಸಿಸ್ ಝೇವಿಯರ್, ಇಗ್ನೇಷಿಯಸ್ ಲೊಯೊಲಾ ಇಬ್ಬರೂ ಈ ಹೆಸರುಗಳಾಗಿ ಹೊಲಗದ್ದೆಗಿಳಿದರು. ಈಸ್ಟರ್ ಹೊತ್ತಿಗೆ ಯೇಸುವಿನ ಪಾಡಿನ ನಾಟಕವನ್ನು ಊರವರೇ ಕನ್ನಡದಲ್ಲಿ ಆಡುತ್ತಾರೆ.

ಆದರೆ ರೋಮ್ ಮನಸ್ಸು ಬದಲಿಸಿತು. 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ ನೊಬಿಲಿ ಪದ್ಧತಿಗೆ ಕಡಿವಾಣ ಹಾಕಿದರು. 1773ರಲ್ಲಿ ಜೆಸ್ವಿತ್ ಸಂಘವನ್ನೇ ವಿಸರ್ಜಿಸಲಾಯಿತು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಅಳಿದುಳಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದ್ಯುಬುವಾ. ಅವರೂ ದೇಸಿ ಉಡುಪಿನ ಸಸ್ಯಾಹಾರಿ, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯವರು'. 1803–04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದ ಈ ಮನುಷ್ಯ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಹೊರಬಂದ ಅವರ ಪತ್ರಗಳ ಪುಸ್ತಕದ ವಾದವೇನೆಂದರೆ, ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಕೆಲಸ.