ದಣಿಯದೆ ದುಡಿದವರ ಗುಟ್ಟು

ಸಂಜೆ ಕಚೇರಿಯಿಂದ ಮನೆಗೆ ಮರಳಿದ ಗೃಹಸ್ಥನು ಪಾದರಕ್ಷೆಗಳನ್ನು ಬಾಗಿಲಲ್ಲಿ ಬಿಟ್ಟು ಕುರ್ಚಿಯಲ್ಲಿ ಕುಸಿದು ಮೊದಲು ಆಡುವ ಮಾತು ಯಾವುದು? “ಅಬ್ಬ, ಸಾಕಾಗಿ ಹೋಯಿತು!” ಒಳಗಿನಿಂದ ಕಾಫಿಯನ್ನೋ ಚಹವನ್ನೋ ತಂದಿಡುವ ಗೃಹಿಣಿಯೂ ಇದೇ ಮಾತನ್ನು ಆಡಬಹುದಾಗಿತ್ತು. ಆದರೆ ಕುಳಿತು ಹಾಗೆ ಹೇಳಿಕೊಳ್ಳುವಷ್ಟು ಬಿಡುವು ಆಕೆಗಿಲ್ಲ. ಒಲೆಯ ಮೇಲೆ ಬೇಳೆ ಬೇಯುತ್ತಿದೆ, ಮಗನ ಲೆಕ್ಕದ ಪುಸ್ತಕ ತೆರೆದೇ ಇದೆ.

ದಣಿವಿನಲ್ಲಿ ಎರಡು ಬಗೆ. ಹೊಲದಲ್ಲಿ ದಿನವೆಲ್ಲ ಕಳೆ ಕಿತ್ತವನ ದಣಿವು ಮೈಯ ದಣಿವು. ಒಂದು ರಾತ್ರಿಯ ಗಾಢ ನಿದ್ರೆಯಲ್ಲಿ ಅದು ಕರಗಿಹೋಗುತ್ತದೆ. ಇನ್ನೊಂದು ದಣಿವು ಹಾಗಲ್ಲ. ಎಂಟು ಗಂಟೆ ಮಲಗಿ ಎದ್ದರೂ ಅದು ಹಾಸಿಗೆಯ ಪಕ್ಕದಲ್ಲೇ ಕಾದು ಕುಳಿತಿರುತ್ತದೆ. ಕೆಲಸಕ್ಕೆ ಸಂಬಂಧಿಸಿದ ಈ ಬಗೆಯ ಬಳಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಂದು ಸ್ಪಷ್ಟವಾದ ವಿವರಣೆಯನ್ನು ಕೊಟ್ಟಿತು. ಅದನ್ನು ರೋಗವೆಂದು ಕರೆಯದೆ ಉದ್ಯೋಗದಿಂದ ಹುಟ್ಟುವ ಒಂದು ಸ್ಥಿತಿಯೆಂದು ಕರೆದು, ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದಲ್ಲಿ ಹಿಂದಿನ ಸಾಮರ್ಥ್ಯ ಉಳಿಯದಿರುವುದು.

ಈ ಮೂರರಲ್ಲಿ ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾವು ಹೆಚ್ಚಾಗಿ ಮರೆಯುವುದು ನಡುವಿನದನ್ನು. ಮನಸ್ಸು ಕೆಲಸದಿಂದ ದೂರ ಸರಿದ ಮೇಲೆ, ಟಾನಿಕ್ಕಿನ ಸೀಸೆಯಾಗಲಿ ಭಾನುವಾರದ ಸಿನಿಮಾ ಆಗಲಿ ಶಕ್ತಿಯನ್ನು ಹಿಂದಕ್ಕೆ ತರಲಾರದು. ಹಾಗಾದರೆ ವರ್ಷಗಟ್ಟಲೆ ದುಡಿದೂ ಮನಸ್ಸನ್ನು ಬತ್ತಗೊಡದವರು ಏನು ಮಾಡಿದರು? ಈ ಪ್ರಶ್ನೆಗೆ ಉತ್ತರವನ್ನು ದೂರದೇಶದ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ವಾಚಕರು ನಮ್ಮೊಡನೆ ವರದಾ ನದಿಯ ದಂಡೆಗೆ ಬಂದರೆ ಸಾಕು.

ನೊಗವಿಳಿದ ದಿನ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುದಾರಿಯಲ್ಲಿ, ಸವಣೂರಿನ ನಿಲ್ದಾಣ ಕಳೆದ ಮೇಲೆ, ಕರ್ಜಗಿ ಎಂಬ ಊರು ಸಿಗುತ್ತದೆ. ಇದರ ಬಳಿಯಲ್ಲೇ ವರದೆ ಹರಿಯುತ್ತಾಳೆ. ಇಂದು ಇದು ಹಾವೇರಿ ತಾಲ್ಲೂಕಿನ ಒಂದು ಗ್ರಾಮ. ಆದರೆ ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಒಂದು ಇಡೀ ತಾಲ್ಲೂಕಿಗೆ ಕರ್ಜಗಿಯ ಹೆಸರೇ ಇತ್ತು. ಈಗ ಈ ಊರನ್ನು ಸುತ್ತಲಿನ ಜನ ಮುಖ್ಯವಾಗಿ ನೆನೆಯುವುದು ಕಾರಹುಣ್ಣಿಮೆಗಾಗಿ.

ಕಾರಹುಣ್ಣಿಮೆ ಬರುವುದು ಜ್ಯೇಷ್ಠ ಮಾಸದಲ್ಲಿ, ಮುಂಗಾರಿನ ಮೋಡ ಕಟ್ಟುವ ಹೊತ್ತಿನಲ್ಲಿ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದರ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಮನೆಯಲ್ಲಿ ಮಾಡಿದ ಸಿಹಿಯನ್ನು ಮೊದಲು ಅದಕ್ಕೇ ತಿನ್ನಿಸುತ್ತಾರೆ. ಸಂಜೆ ಕರಿ ಹರಿಯುವ ಸಂಭ್ರಮ. ಬೀದಿಗೆ ಅಡ್ಡಲಾಗಿ ಕಟ್ಟಿದ ತೋರಣವನ್ನು ಯಾವ ಬಣ್ಣದ ಎತ್ತು ಮೊದಲು ಹರಿಯುವುದೋ ಅದನ್ನು ನೋಡಿ, ಆ ವರ್ಷ ಯಾವ ಬೆಳೆ ಕೈಹಿಡಿದೀತೆಂದು ರೈತರು ಲೆಕ್ಕ ಹಾಕುತ್ತಾರೆ.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಈ ಹಬ್ಬ ಬರುವುದು ಸುಗ್ಗಿ ಮುಗಿದ ಮೇಲೆ ಅಲ್ಲ. ವರ್ಷದ ಭಾರವಾದ ದುಡಿಮೆ ಶುರುವಾಗುವ ಕಾಲದಲ್ಲಿ. “ಮೊದಲು ದುಡಿ, ಬಿದ್ದಮೇಲೆ ಎಬ್ಬಿಸೋಣ” ಎಂಬುದು ನಮ್ಮ ನಗರಗಳ ನೀತಿ. “ಏಳುವ ಶಕ್ತಿಯಿರುವಾಗಲೇ ನೊಗ ಇಳಿಸು” ಎಂಬುದು ರೈತನ ನೀತಿ. ವಿಶ್ರಾಂತಿಯನ್ನು ಆತ ಎತ್ತಿಗೆ ಬಹುಮಾನವಾಗಿ ಕೊಡುವುದಿಲ್ಲ, ಬೀಜ ಗೊಬ್ಬರಗಳಂತೆ ಸಾಗುವಳಿಯ ಒಂದು ಅಂಗವಾಗಿಯೇ ಕೊಡುತ್ತಾನೆ. ಎತ್ತು ಸೋತರೆ ಒಕ್ಕಲುತನವೇ ಸೋತಂತೆ ಎಂಬುದನ್ನು ಆತ ಬಲ್ಲ.

ಆದರೆ ಎತ್ತಿಗೂ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. ಹೊಟ್ಟೆ ತುಂಬಿ ಮೈ ಹಗುರಾದರೆ ಎತ್ತಿಗೆ ಸಾಕು. ಮನುಷ್ಯನಿಗೆ ಇನ್ನೊಂದು ಬೇಕು: ತನ್ನ ದುಡಿಮೆ ಯಾರಿಗೆ ಮುಟ್ಟಿತೆಂಬ ಅರಿವು. ಇದನ್ನು ತೋರಿಸಿಕೊಡಲು ಇದೇ ನದಿಯ ಕೆಳದಂಡೆಯ ಒಬ್ಬ ಪುರುಷರಿದ್ದಾರೆ.

ಪುಸ್ತಕದ ಗಂಟು

ವರದೆಯು ಕರ್ಜಗಿಯನ್ನು ದಾಟಿ, ಪೂರ್ವಕ್ಕೆ ಸಾಗಿ, ಕೊನೆಗೆ ತುಂಗಭದ್ರೆಯನ್ನು ಕೂಡುವ ಸ್ಥಳ ಗಳಗನಾಥ. ಸಂಗಮದ ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಆ ಊರಿನಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು ಕನ್ನಡ ನಾಡು ಅವರ ಊರ ಹೆಸರಿನಿಂದಲೇ ‘ಗಳಗನಾಥರು’ ಎಂದು ಕರೆಯಿತು. ವಾರವಾರವೂ ಧಾರಾವಾಹಿಗಾಗಿ ಕಾದು ಕೂರುವ ನಮ್ಮ ವಾಚಕರು ಇವರಿಗೆ ವಿಶೇಷವಾಗಿ ಋಣಿಗಳು. ಏಕೆಂದರೆ ಉತ್ತರ ಕರ್ನಾಟಕದ ಮನೆಮನೆಗೆ ಕಾದಂಬರಿಯ ರುಚಿಯನ್ನು ಹಚ್ಚಿದವರಲ್ಲಿ ಇವರು ಮೊದಲಿಗರು.

ಅಂದಿನ ಸ್ಥಿತಿಯನ್ನು ನೆನೆಯಿರಿ. ಮುಂಬಯಿ ಇಲಾಖೆಗೆ ಸೇರಿದ್ದ ಈ ಭಾಗದಲ್ಲಿ ಮರಾಠಿಯ ಪ್ರಾಬಲ್ಯ ಬಲವಾಗಿತ್ತು. ಓದಲು ಬಲ್ಲವರು ಸಹ ಮನರಂಜನೆಗಾಗಿ ಮರಾಠಿ ಪುಸ್ತಕವನ್ನು ಕೈಗೆತ್ತಿಕೊಳ್ಳುವುದೇ ವಾಡಿಕೆ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿ ಕನ್ನಡಕ್ಕೆ ಉಸಿರು ತುಂಬತೊಡಗಿತ್ತು. ಆ ಕಾಲದಲ್ಲಿ ಶಾಲಾ ಮಾಸ್ತರರಾಗಿದ್ದ ಗಳಗನಾಥರು ‘ಪ್ರಬುದ್ಧ ಪದ್ಮನಯನೆ’ ಎಂಬ ಕಾದಂಬರಿಯಿಂದ ಬರವಣಿಗೆಯ ದಾರಿ ಹಿಡಿದರು. ಮುಂದೆ ಮಾಸ್ತರಿಕೆಯನ್ನೇ ಬಿಟ್ಟರು. ತಿಂಗಳ ಸಂಬಳವನ್ನು ಕೈಯಾರೆ ತೊರೆಯುವುದೆಂದರೇನೆಂಬುದನ್ನು ನಮ್ಮ ನೌಕರವರ್ಗದ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾವೇರಿಯ ಬಳಿಯ ಅಗಡಿಯಲ್ಲಿ, ಶೇಷಾಚಲ ಸದ್ಗುರುಗಳ ಆನಂದವನದಿಂದ, 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದಕ್ಕಾಗಿ ದುಡಿದರು. ಅವರ ಕಾದಂಬರಿಗಳು ಅದರಲ್ಲಿ ಕಂತುಕಂತಾಗಿ ಬಂದವು. ತಿಂಗಳು ತಿಂಗಳೂ ಜನ ಅದರ ಹಾದಿ ಕಾಯುವಂತಾಯಿತು. ಒಬ್ಬ ಓದುತ್ತಿದ್ದರೆ ಹತ್ತು ಜನ ಕೇಳುವ ಕಾಲ ಅದು. ಕಥೆ ಮುಂದೇನಾಯಿತೆಂಬ ಕುತೂಹಲಕ್ಕಾಗಿಯೇ ಅಕ್ಷರ ಕಲಿತವರಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಪುಸ್ತಕ ಬರೆದದ್ದಾಯಿತು, ಅಚ್ಚು ಹಾಕಿಸಿದ್ದಾಯಿತು. ಮಾರುವವರು ಯಾರು? ಆಗ ಊರೂರಿಗೆ ಪುಸ್ತಕದಂಗಡಿಗಳಿರಲಿಲ್ಲ. ಗಳಗನಾಥರು ಪುಸ್ತಕಗಳ ಗಂಟನ್ನು ತಾವೇ ಹೊತ್ತರು. ಊರಿಂದೂರಿಗೆ ನಡೆದು, ಮನೆಯ ಬಾಗಿಲಿಗೆ ಹೋಗಿ ನಿಂತು, ತಾವು ಬರೆದದ್ದನ್ನು ತಾವೇ ಮಾರಿದರು. ಲೇಖಕನೆಂಬ ಬಿಗುಮಾನ ಅವರನ್ನು ತಡೆಯಲಿಲ್ಲ. ಬಡತನವೂ ಅವರನ್ನು ಬಿಟ್ಟು ಹೋಗಲಿಲ್ಲ. ಆದರೂ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಅವರ ಲೇಖನಿಯಿಂದ ಹೊರಬಂದವು.

ಇಷ್ಟು ಭಾರ ಹೊತ್ತವರು ಬೇಗನೆ ದಣಿಯಬೇಕಾಗಿತ್ತಲ್ಲವೇ? ಆದರೆ ಅವರ ಜೀವನದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತ ಕೈ ಪಳಗಿಸಿಕೊಂಡವರು ಅವರು. ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ ಆ ಬಗೆಯದು. ಅದೇ ಲೇಖಕರು 1923ರಲ್ಲಿ, ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೇ ವಿಜಯನಗರದ ಉದಯವನ್ನು ‘ಮಾಧವ ಕರುಣಾ ವಿಲಾಸ’ವೆಂಬ ತಮ್ಮದೇ ಸ್ವತಂತ್ರ ಕೃತಿಯಾಗಿ ಬರೆದರು. ಇತರರ ಕಥೆಯನ್ನು ಹೊತ್ತು ತಂದವರು ತಮ್ಮದೇ ಕಥೆ ಕಟ್ಟುವಷ್ಟು ಬೆಳೆದರು. ಅದೂ ಅನೇಕರು ಪಿಂಚಣಿಯ ದಿನಗಳನ್ನು ಎಣಿಸುವ ವಯಸ್ಸಿನಲ್ಲಿ.

ಈ ಬೆಳವಣಿಗೆಯ ಗುಟ್ಟು ಆ ಗಂಟಿನಲ್ಲೇ ಇತ್ತೆಂದು ನಮಗೆ ತೋರುತ್ತದೆ. ಬಾಗಿಲಲ್ಲಿ ನಿಂತ ಲೇಖಕನಿಗೆ ಓದುಗನ ಮುಖ ಕಾಣುತ್ತದೆ. “ಮಾಸ್ತರರೇ, ಹೋದ ಸಲದ ಪುಸ್ತಕ ಬಲು ಚಲೋ ಇತ್ತು, ಮುಂದಿನದು ಯಾವಾಗ?” ಎಂದು ಯಾರಾದರೂ ಕೇಳಿದರೆ, ಹತ್ತು ಹರದಾರಿ ನಡೆದ ಕಾಲಿನ ನೋವು ಎಲ್ಲಿ ಉಳಿದೀತು? ಪುಸ್ತಕ ಬೇಡವೆಂದು ಬಾಗಿಲು ಮುಚ್ಚಿದವರೂ ಇದ್ದಿರಲೇಬೇಕು. ಆದರೆ ಅದರಿಂದಲೂ ಲೇಖಕ ಏನನ್ನಾದರೂ ಕಲಿಯುತ್ತಾನೆ. ಹೊತ್ತ ಭಾರ ಅವರನ್ನು ಬಳಲಿಸಿರಬಹುದು. ಭಾರ ತಲುಪಿದ ಜಾಗವು ಅವರನ್ನು ಮತ್ತೆ ತುಂಬಿರಬೇಕು. ಗಳಗನಾಥರು 1942ರಲ್ಲಿ ತೀರಿಕೊಂಡರು.

ಸೋಮವಾರದ ವಿರಾಮ

ಅವರು ತೀರಿಕೊಂಡ ಮರುವರ್ಷವೇ ಈ ಸೀಮೆಯ ಇನ್ನೊಬ್ಬ ನಡಿಗೆಗಾರನ ಬಾಳು ಮುಗಿಯಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು ಇನ್ನೂ ಇಪ್ಪತ್ತು ತುಂಬದ ಹರೆಯದಲ್ಲಿ, 1930ರ ಮಾರ್ಚ್ 12ರಂದು, ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಒಬ್ಬರಾಗಿದ್ದರು. ದಾರಿ ಸುಮಾರು 240 ಮೈಲಿ. ಆ ದಂಡಯಾತ್ರೆಯು ಕೇವಲ ಉತ್ಸಾಹದ ಓಟವಾಗಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡಿಗೆ, ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಎಲ್ಲವೂ ನಿಯಮದಂತೆ ನಡೆಯುತ್ತಿದ್ದವು. ಸೋಮವಾರ ಬಂದರೆ ನಡಿಗೆಗೆ ವಿರಾಮ. ಒಂದು ಸಾಮ್ರಾಜ್ಯವನ್ನು ಎದುರಿಸಲು ಹೊರಟವರಿಗೂ ವಾರಕ್ಕೊಂದು ದಿನ ನಿಲ್ಲುವಷ್ಟು ವ್ಯವಧಾನವಿತ್ತು!

ಊರಿಗೆ ಮರಳಿದ ಮಹಾದೇವಪ್ಪನವರು ಹಳ್ಳಿಗಳಲ್ಲಿ ಖಾದಿಯ ಕೆಲಸವನ್ನು ಹಬ್ಬಿಸಿದರು. ಅವರ ಪತ್ನಿ ಸಿದ್ಧಮ್ಮನವರೂ ಹೋರಾಟದಲ್ಲಿ ಸೆರೆಮನೆ ಕಂಡರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಮಹಾದೇವಪ್ಪನವರೂ ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಬಲಿಯಾದರು. ಆ ತ್ಯಾಗವನ್ನು ಎಲ್ಲರೂ ನೆನೆಯುತ್ತಾರೆ. ಅದರ ಹಿಂದೆ ಸೆರೆವಾಸವೂ ಹದಿಮೂರು ವರ್ಷಗಳ ನೂಲು, ನಡಿಗೆ, ನಿಯಮಗಳ ಸದ್ದಿಲ್ಲದ ದುಡಿಮೆಯೂ ಇದ್ದವೆಂಬುದನ್ನೂ ನೆನೆಯಬೇಕು.

ನಮ್ಮ ಮನೆಗೆ ಬರೋಣ

ಇವರೆಲ್ಲ ದೊಡ್ಡವರು, ನಾವು ಸಾಮಾನ್ಯರು ಎಂದು ವಾಚಕರು ಹೇಳಬಹುದು. ನಿಜ, ಆದರೆ ಅವರಿಂದ ಕಲಿಯಬೇಕಾದದ್ದು ಸಾಮಾನ್ಯರಿಗೂ ಎಟುಕದ್ದೇನಲ್ಲ. ಕಚೇರಿಯಲ್ಲಿ ನಾವು ಸಹಿ ಹಾಕುವ ಕಾಗದದ ಆಚೆ ಒಬ್ಬ ವಿಧವೆಯ ಪಿಂಚಣಿಯಿದೆ, ಒಬ್ಬ ವಿದ್ಯಾರ್ಥಿಯ ವೇತನವಿದೆ. ಆ ಮುಖಗಳನ್ನು ಒಂದು ಸಲ ಕಂಡವನಿಗೆ ಕಾಗದವು ಬರಿಯ ಕಾಗದವಾಗಿ ಉಳಿಯುವುದಿಲ್ಲ. ಶಿಕ್ಷಕರು ಹಳೆಯ ಶಿಷ್ಯನನ್ನು ಕಂಡಾಗ, ವೈದ್ಯರು ಗುಣವಾದ ರೋಗಿಯನ್ನು ಬೀದಿಯಲ್ಲಿ ಕಂಡಾಗ ಅವರ ಮುಖ ಅರಳುವುದನ್ನು ನೀವೇ ನೋಡಿದ್ದೀರಿ. ಆದರೂ ತಿಂಗಳುಗಟ್ಟಲೆ ಬಿಡದ ಬಳಲಿಕೆಯಿದ್ದರೆ ಅದು ರಕ್ತಹೀನತೆಯೋ ಮತ್ತಾವುದಾದರೂ ಕಾಯಿಲೆಯೋ ಇರಬಹುದು. ಅಂಥವರಿಗೆ ಉಪದೇಶ ಸಲ್ಲದು, ವೈದ್ಯರ ಬಳಿಗೆ ಕರೆದೊಯ್ಯುವುದೇ ಸರಿ.

ಕೊನೆಯದಾಗಿ, ಮೊದಲಲ್ಲಿ ಕಂಡ ಆ ಗೃಹಿಣಿಯನ್ನು ಮರೆಯದಿರೋಣ. 2019ರಲ್ಲಿ ಸರಕಾರವು ನಡೆಸಿದ ಸಮಯಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಭಾರತದ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ಗಂಟೆ, ಕೊಡುತ್ತಿದ್ದರು. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುತ್ತಿದ್ದುದು 97 ನಿಮಿಷ, ಕೈಹಾಕದವರೇ ಹೆಚ್ಚು. ಈ ಐದು ಗಂಟೆಗೆ ಭಾನುವಾರವೂ ಇಲ್ಲ, ಪಿಂಚಣಿಯೂ ಇಲ್ಲ. ಹಬ್ಬ ಬಂದರಂತೂ ದುಡಿಮೆ ಇಮ್ಮಡಿ. ಕಾರಹುಣ್ಣಿಮೆಯ ದಿನ ಎತ್ತಿನ ನೊಗ ಇಳಿಯುತ್ತದೆ. ಅದಕ್ಕಾಗಿ ಸಿಹಿ ಮಾಡುವವಳ ನೊಗ ಇಳಿಯುವುದು ಯಾವ ಹುಣ್ಣಿಮೆಗೆ?

ಮನೆಯಲ್ಲಿ ಒಂದು ದಿನವನ್ನು ಗೊತ್ತು ಮಾಡಿರಿ. ತಿಂಗಳಿಗೆ ಒಂದಾದರೂ ಸರಿ, ಆದರೆ ತಪ್ಪಕೂಡದು. ಆಕೆ ಹಾಸಿಗೆ ಹಿಡಿದ ಮೇಲೆ ಅಲ್ಲ, ನಗುನಗುತ್ತಿರುವಾಗಲೇ. ಅಂದು ಅನ್ನ ಸಾರು ಗಂಡಸರದೂ ಮಕ್ಕಳದೂ ಆಗಲಿ. ಉಪ್ಪು ಹೆಚ್ಚಾದರೆ ಆಗಲಿ! ಮತ್ತು ಉಳಿದ ದಿನಗಳಲ್ಲಿ, ತಟ್ಟೆಯ ಮುಂದೆ ಕುಳಿತವರು ತಲೆಯೆತ್ತಿ, “ಇವತ್ತಿನ ಹುಳಿ ಚೆನ್ನಾಗಿದೆ” ಎಂದು ಒಂದು ಮಾತು ಹೇಳಲಿ. ಬಾಗಿಲಲ್ಲಿ ಗಂಟು ಹೊತ್ತು ನಿಂತ ಗಳಗನಾಥರಿಗೆ ಓದುಗನ ಒಂದು ಒಳ್ಳೆಯ ಮಾತು ಏನಾಗಿರಬಹುದೋ, ಒಲೆಯ ಮುಂದೆ ನಿಂತವಳಿಗೂ ಈ ಮಾತು ಅದೇ.

ಆ ಬಿಡುವಿನ ದಿನ ಆಕೆ ಏನು ಮಾಡಲಿ? ಅದನ್ನು ಆಕೆಯೇ ನಿರ್ಧರಿಸಲಿ. ಮಲಗಲಿ, ತವರಿಗೆ ಹೋಗಲಿ, ಇಲ್ಲವೇ ಬಹಳ ದಿನಗಳಿಂದ ಅರ್ಧಕ್ಕೆ ನಿಂತ ಕಾದಂಬರಿಯೊಂದನ್ನು ಕೈಗೆತ್ತಿಕೊಂಡು ಮುಂದೇನಾಯಿತೆಂದು ಓದಲಿ.